ಬಣ್ಣ ಯಾಕೋ ಹೊಂದುತ್ತಿಲ್ಲ

ಈಜುಕೊಳದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯವರು ಬೆಚ್ಚಿಬೀಳುವಂಥ ಗಂಟಲು ನನ್ನದು. ಈಜು ಕಲಿಸುವವಳಿಗೆ ಅದೇ ಬಂಡವಾಳ. ಆದರೆ ಕೊಳದ ಅಂಚಿಗೆ ಮುಖ ಬಡಿದು ಮುಂದಿನ ಎರಡು ಹಲ್ಲು ಹೋದ ಮೇಲೆ, ದಂತವೈದ್ಯೆಯ ಕುರ್ಚಿಯಲ್ಲಿ ನಾನು ಒಂದು ದಿನ ಬಾಯಿದ್ದೂ ಮೂಗಿಯಾದೆ.

ದವಡೆಯ ಮೂಳೆಗೆ ಇಂಪ್ಲಾಂಟ್ ಎಂಬ ಲೋಹದ ತಿರುಪು ಕೂರಿಸಿ, ಅದು ಬೇರೂರಲು ತಿಂಗಳುಗಟ್ಟಲೆ ಕಾದದ್ದಾಯಿತು. ಇನ್ನು ಅದರ ಮೇಲೆ ಹಲ್ಲು ಬರಬೇಕು. ಬಣ್ಣ ಹೊಂದಿಸಲು, ಹಲ್ಲು ತಯಾರಿಸುವ ಲ್ಯಾಬ್‌ನಿಂದ ಒಬ್ಬ ಹುಡುಗ ಬಂದ.

ಕಿಟಕಿಯ ಬೆಳಕಿಗೆ ನನ್ನನ್ನು ತಿರುಗಿಸಿ, ಮಾದರಿ ಹಲ್ಲುಗಳನ್ನು ಒಂದೊಂದಾಗಿ ತುಟಿಯ ಹತ್ತಿರ ಹಿಡಿದ.

"ಸ್ವಲ್ಪ ನಗಿ."

"ಹಲ್ಲಿಲ್ದೋಳಿಗೆ ನಗು ಅಂತೀರಲ್ಲ!"

"ಪಕ್ಕದ ಹಲ್ಲು ನೋಡ್ಬೇಕು ಮೇಡಂ. ಅವೇ ಎಷ್ಟು ಚೆನ್ನಾಗಿವೆ," ಎಂದವನು ತಾನೇ ಕೆಂಪಾಗಿ ಕಣ್ಣು ತಗ್ಗಿಸಿದ.

ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನನ್ನನ್ನು ಯಾರೂ ನೋಡಿರಲಿಲ್ಲ. ನೋಡಿದ್ದು ಬಾಯಿಯನ್ನಷ್ಟೇ ಅನ್ನುವುದು ಬೇರೆ ಮಾತು.

ಅವನು ಮಾಡಿ ತಂದ ಹಲ್ಲುಗಳು ನನ್ನವೇ ಅನ್ನುವಷ್ಟು ಹೊಂದಿದ್ದವು. ಕೂರಿಸಿಕೊಂಡರೆ ಅವನು ಮತ್ತೆ ಬರುವುದಿಲ್ಲ. "ಯಾಕೋ ಸ್ವಲ್ಪ ಹಳದಿ ಅನ್ಸುತ್ತೆ," ಎಂದುಬಿಟ್ಟೆ. "ಹೌದೌದು, ನಂಗೂ ಹಾಗೇ ಅನ್ಸ್ತು," ಎಂದು ಅವನು ವಾಪಸ್ಸು ಒಯ್ದ. ಎರಡನೇ ಸಲ ತಂದಾಗ "ತೀರಾ ಬಿಳಿ" ಎಂದೆ. ಅದಕ್ಕೂ ಹೌದೆಂದ.

"ಹಲ್ಲಿದ್ರೆ ಕಡ್ಲೆ ಇಲ್ಲ, ಕಡ್ಲೆ ಇದ್ರೆ ಹಲ್ಲಿಲ್ಲ ಅಂತಾರೆ. ನಿಂಗೆ ಹಲ್ಲು ಬಂದ ದಿನ ಹುಡುಗ ಇಲ್ಲ," ಎಂದು ಮನೆಯಲ್ಲಿ ಅತ್ತಿಗೆ ಕಿಚಾಯಿಸಿದಳು. ನನಗೆ ನಗು ಬರಲಿಲ್ಲ.

ಮೂರನೇ ಸಲ ನಾನು ತಕರಾರು ತೆಗೆಯುವ ಮೊದಲೇ ವೈದ್ಯೆ ದೀಪವನ್ನು ನನ್ನ ಬಾಯಿಯತ್ತ ಎಳೆದು ನೋಡಿದರು. "ಬಣ್ಣ ಸರಿಯಾಗಿದೆ. ಮೊದಲ್ನೇ ಸಲಾನೂ ಸರಿಯಾಗೇ ಇತ್ತು. ನಿಮ್ಮಿಬ್ರಿಗೂ ಕಣ್ಣಿನ ಡಾಕ್ಟ್ರು ಬೇಕು." ಅಂಟು ಹಚ್ಚಿ ಹಲ್ಲು ಕೂರಿಸಿ, ಹತ್ತಿಯುಂಡೆ ಕಚ್ಚಿಸಿದರು. "ಗಟ್ಟಿಯಾಗೋವರ್ಗೂ ಬಾಯಿ ತೆರೀಬೇಡಿ," ಎಂದು ಕೈ ತೊಳೆಯಲು ಒಳಗೆ ಹೋದರು.

ಅವನು ಪೆಟ್ಟಿಗೆ ಮುಚ್ಚಿದ. "ಹಾಗಾದ್ರೆ ನನ್ನ ಕೆಲ್ಸ ಮುಗೀತು. ಇನ್ನು ನಾನು ಬರೋ ಅಗತ್ಯ ಇಲ್ಲ." ಬಾಗಿಲತ್ತ ತಿರುಗಿದ.

ಕೂಗುವುದೇ ಕಸುಬಾದವಳಿಗೆ ಒಂದು ಹೆಸರು ಕರೆಯಲೂ ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಏನೂ ತೋಚದೆ ಅವನ ತೋಳು ಹಿಡಿದೆ.

"ನೋವಾಗ್ತಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ಬಣ್ಣ ಸರಿಯಿಲ್ವಾ?"

ಹೌದೆಂದರೆ ಸುಳ್ಳು, ಅಲ್ಲವೆಂದರೆ ಅವನು ಹೊರಟೇಬಿಡುತ್ತಾನೆ. ತೋಳು ಹಿಡಿದೇ ಇದ್ದೆ.

ಅವನು ಪೆಟ್ಟಿಗೆ ಕೆಳಗಿಟ್ಟ. "ನಿಮ್ಗೆ ಒಂದು ವಿಷ್ಯ ಹೇಳ್ಬೇಕು. ಮೂರು ಸಲಾನೂ ತಂದಿದ್ದು ಅವೇ ಹಲ್ಲು. ಒರೆಸಿ ಒರೆಸಿ ತಂದೆ. ನಿಮ್ಮನ್ನ ನೋಡೋಕೆ ಬೇರೆ ದಾರಿ ಗೊತ್ತಾಗ್ಲಿಲ್ಲ ನಂಗೆ."

ಹಳದಿ ಎಂದದ್ದೂ, ಬಿಳಿ ಎಂದದ್ದೂ ಅವೇ ಹಲ್ಲುಗಳನ್ನು! ನಾಚಿಕೆಯಿಂದ ಸಾಯುವಂತಾಯಿತು. ತೋಳು ಮಾತ್ರ ಬಿಡಲಿಲ್ಲ.

"ನಾಳೆ ಪೂಲ್ ಹತ್ರ ಬರ್ಲಾ? ಈಜು ಕಲಿಯೋಕಲ್ಲ."

ಬಾಯಿ ತೆರೆಯದೆ ಹೇಳಬಹುದಾದ ಮಾತು ಒಂದೇ. "ಹ್ಞೂಂ," ಎಂದೆ.