ಫ್ರಾನೆ ಹಿಡಿದ ಹಗ್ಗ

ಪ್ರವಾಸಿಗರಿಗೆ ದ್ವೀಪ ದ್ವೀಪದ ವೈನ್ ಕುಡಿಸಿ, ಬಂದರಿನಲ್ಲಿ ಇಳಿಸಿ, ಖಾಲಿ ಯಾಟ್ ದೋಣಿ ನಡೆಸಿಕೊಂಡು ನಾನೊಬ್ಬನೇ ವಿಸ್ ದ್ವೀಪದ ಫ್ರಾನೆಯ ಖಾನಾವಳಿಗೆ ಬಂದೆ. ದೋಣಿ ಕಟ್ಟಲು ನಾನೆಸೆದ ಹಗ್ಗವನ್ನು ದಡದಲ್ಲಿ ನಿಂತು ಹಿಡಿಯುತ್ತಿದ್ದ ಫ್ರಾನೆ ವಸಂತದಲ್ಲೇ ತೀರಿಕೊಂಡಿದ್ದ. ಯಾರೂ ಇಲ್ಲದ ಕಟ್ಟೆಗೆ ಹಳೇ ಅಭ್ಯಾಸದಂತೆ ಹಗ್ಗ ಎಸೆದೆ. ಅದು ನೀರಿಗೆ ಬೀಳಲಿಲ್ಲ. ಕಬ್ಬಿಣದ ಗೂಟಕ್ಕೆ ಸುತ್ತಿಕೊಂಡು, ತಾನೇ ಗಂಟಾಗಿ ಬಿಗಿಯಾಯಿತು. ಇಳಿದು ಮುಟ್ಟಿದರೆ ಗಂಟು ಬೆಚ್ಚಗಿತ್ತು.

ಅವನ ಹೆಂಡತಿ ಪೆರಿನಾ ಓಡಿಬಂದಳು. “ಇದು ಅವನದೇ ಗಂಟು ಕಣೋ! ಬಿಚ್ಚಿ ಇನ್ನೊಂದ್ಸಲ ಎಸಿ, ನಾನೂ ನೋಡ್ತೀನಿ.”

ಯಾಟ್ ಹತ್ತಿ ಎಸೆದೆ. ಹಗ್ಗ ನೀರಿಗೆ ಬಿತ್ತು. ಮತ್ತೆ ಎಸೆದರೂ ನೀರಿಗೇ.

“ಬದುಕಿದ್ದಾಗ್ಲೂ ಹಿಂಗೇ. ಗಿರಾಕಿ ಕರೆದ್ರೆ ಓಡ್ತಿದ್ದ, ನಾನು ಕರೆದ್ರೆ ಕಿವುಡ,” ಎಂದು ಕಣ್ಣೊರೆಸಿಕೊಳ್ಳುತ್ತಾ ಅವಳು ಒಳಗೆ ಹೋದಳು.

ಬಾಗಿಲು ಮುಚ್ಚಿದ ಸದ್ದಾಯಿತು. ನೀರಲ್ಲಿದ್ದ ಹಗ್ಗ, ಆ ತುದಿಯನ್ನು ಯಾರೋ ಹಿಡಿದೆಳೆದಂತೆ, ನನ್ನ ಕೈಯಲ್ಲಿ ಮೆಲ್ಲಗೆ ಬಿಗಿಯಾಯಿತು. ಅವಳನ್ನು ಕೂಗದೆ ನಾನು ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡೆ.