ಉಳಿಸಿಕೊಂಡ ದನಿ

ಬಾಗಿಲು ತೆರೆದು ಒಳಗೆ ಬಂದವನನ್ನು ನೋಡಿದ್ದೇ ತಡ, ವಿಂಕಾಳ ಬೆರಳುಗಳು ಪಿಯಾನೊ ಮೇಲೆ ಹಾಗೇ ನಿಂತುಬಿಟ್ಟವು.

ಯೆರ್ಕೊ...

ಬರುತ್ತಾನೆಂದು ಬೆಳಿಗ್ಗೆಯೇ ಗೊತ್ತಾಗಿತ್ತು. ನಾಳಿನ ಒಪೆರಾದ ಮುಖ್ಯ ಗಾಯಕನಿಗೆ ಗಂಟಲು ಕಟ್ಟಿ, ಸ್ಪ್ಲಿಟ್ ಪಟ್ಟಣದ ರಂಗಮಂದಿರದವರು ಆಸ್ಟ್ರಿಯಾದ ಗ್ರಾಜ್‌ನಿಂದ ಇವನನ್ನು ಕರೆಸಿದ್ದರು. ಅಭ್ಯಾಸಕ್ಕೆ ಪಿಯಾನೊ ನುಡಿಸುವುದು ಅವಳ ಕೆಲಸ. ಹಾಗಾಗಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಮೂರು ವರ್ಷದಿಂದ ಗಟ್ಟಿ ಮಾಡಿಕೊಂಡಿದ್ದ ಎದೆ ಅವನನ್ನು ಕಂಡ ಕೂಡಲೇ ಕೈಕೊಟ್ಟಿತು.

"ಹೇಗಿದ್ದೀಯ, ವಿಂಕಾ?"

"ಎಲ್ಲಿಂದ ಶುರು ಮಾಡ್ತೀರಿ?"

ಆ 'ಮಾಡ್ತೀರಿ'ಗೆ ಅವನ ಮುಖ ಸಣ್ಣಗಾಯಿತು. ಒಂದು ಕಾಲಕ್ಕೆ ಒಂದೇ ತಟ್ಟೆಯಲ್ಲಿ ಹುರಿದ ಮೀನು ತಿಂದವರು ಇವರು. ಈಗ ಬಹುವಚನ!

ಅವನು ಹಾಡಿದ. ಪೂರ್ತಿ ದನಿ ತೆಗೆಯಲಿಲ್ಲ. ಮೇಲಿನ ಸ್ವರಗಳನ್ನು ಕೆಳಗಿಳಿಸಿಕೊಂಡು ಮೆಲ್ಲಗೆ ಹಾಡಿದ. ಪ್ರದರ್ಶನದ ಹಿಂದಿನ ದಿನ ಒಪೆರಾದವರೆಲ್ಲ ಹೀಗೆಯೇ ಗಂಟಲು ಉಳಿಸಿಕೊಳ್ಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವಳ ಹಳೆಯ ಗಾಯಕ್ಕೆ ಉಪ್ಪು ಸವರಿದಂತಾಯಿತು.

"ಉಳಿಸ್ಕೊಳ್ಳಿ, ಉಳಿಸ್ಕೊಳ್ಳಿ. ಅದು ನಿಮಗೆ ಚೆನ್ನಾಗಿ ಬರುತ್ತೆ."

ಯೆರ್ಕೊ ಅಭ್ಯಾಸ ಮುಗಿಸಿ ಕೋಟು ಎತ್ತಿಕೊಂಡು ಹೊರಟುಹೋದ.

ಹೋಗಲಿ! ಅವನಿಗೇನು? ಸೆಪ್ಟೆಂಬರಿನಲ್ಲಿ ಮದುವೆಯಂತೆ, ಹುಡುಗಿ ಗ್ರಾಜ್‌ನಲ್ಲಿ ವಯೊಲಿನ್ ನುಡಿಸುತ್ತಾಳಂತೆ. ಉಡುಪಿನ ಕೋಣೆಯ ತೊನ್ಕಾ, ಕೇಳದಿದ್ದರೂ, ಬೆಳಿಗ್ಗೆಯೇ ಎಲ್ಲ ಹೇಳಿ ಮುಗಿಸಿದ್ದಳು. ವಿಂಕಾ ನಕ್ಕು ಕೇಳಿಸಿಕೊಂಡಿದ್ದಳು. ಆಮೇಲೆ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಆಗಿದ್ದು ಇಷ್ಟು. ವಿಂಕಾಳ ಅಪ್ಪ ಲೊವ್ರೆ ಬ್ರಾಚ್ ದ್ವೀಪದ ಕಲ್ಲುಕುಟಿಗ. ಊರಿನ ಕ್ಲಾಪಾದಲ್ಲಿ, ಅಂದರೆ ವಾದ್ಯವಿಲ್ಲದೆ ಹೆಗಲಿಗೆ ಹೆಗಲು ಕೊಟ್ಟು ಹಾಡುವ ಗಂಡಸರ ಗುಂಪಿನಲ್ಲಿ, ಎಲ್ಲರಿಗಿಂತ ಕೆಳಗಿನ ದನಿ ಅವನದು. ಯೆರ್ಕೊ ಅದೇ ಗುಂಪಿನಲ್ಲಿ ಹಾಡು ಕಲಿತ ಹುಡುಗ. ಅವನ ನಡುದನಿ ಕೇಳಿ, ಇವನನ್ನು ದ್ವೀಪದಲ್ಲಿ ಇಟ್ಟುಕೊಳ್ಳುವುದು ಪಾಪ ಎಂದು ಹಟ ಹಿಡಿದು ಸಂಗೀತ ಶಾಲೆಗೆ ಅಟ್ಟಿದವನೂ ಲೊವ್ರೆಯೇ. ಊರಲ್ಲಿ ಬರೀ ಮುಖ ಪರಿಚಯವಿದ್ದ ವಿಂಕಾ ಅವನಿಗೆ ಹತ್ತಿರವಾದದ್ದು ಅಲ್ಲೇ. ಅವನ ಒಂದೊಂದು ಸ್ವರಕ್ಕೂ ಅವಳು ಪಿಯಾನೊದಲ್ಲಿ ಜೊತೆಯಾದಳು. ಅವನು ಉಸಿರು ತೆಗೆದುಕೊಳ್ಳುವ ಮೊದಲೇ ಎಲ್ಲಿ ತೆಗೆದುಕೊಳ್ಳುತ್ತಾನೆಂದು ಅವಳಿಗೆ ತಿಳಿಯುತ್ತಿತ್ತು.

ಲೊವ್ರೆ ತೀರಿಕೊಂಡಾಗ ಯೆರ್ಕೊನ ಮೊದಲ ದೊಡ್ಡ ಪಾತ್ರಕ್ಕೆ ಎರಡೇ ದಿನ ಉಳಿದಿತ್ತು.

ಮಣ್ಣಿನ ದಿನ ಬೂರಾ ಎಂಬ ಬೆಟ್ಟದ ಚಳಿಗಾಳಿ ಮೈ ಕೊರೆಯುತ್ತಿತ್ತು. ಕ್ಲಾಪಾದವರು ಗುಂಡಿಯ ಪಕ್ಕ ನಿಂತು ಹಾಡಿದರು. ವಿಂಕಾ ಒಂದೇ ದನಿಗಾಗಿ ಕಾದಳು. ಅಪ್ಪ ಅಷ್ಟು ಹೆಮ್ಮೆಪಟ್ಟಿದ್ದ ಆ ತುಂಬು ದನಿ ಈಗ ಬರುತ್ತದೆ, ಈಗ ಬರುತ್ತದೆ... ಬರಲೇ ಇಲ್ಲ. ಯೆರ್ಕೊನ ಬಾಯಿಂದ ಹೊರಟದ್ದು ತಗ್ಗಿದ, ತೆಳ್ಳಗಿನ, ಅರ್ಧ ಉಸಿರೇ ಆದ ದನಿ. ಅಭ್ಯಾಸದ ಕೋಣೆಯಲ್ಲಿ ಅಂಥ ದನಿಯನ್ನು ಅವಳು ಎಷ್ಟು ಸಲ ಕೇಳಿರಲಿಲ್ಲ!

ಸ್ಮಶಾನದ ಬಾಗಿಲಲ್ಲೇ ಅವನನ್ನು ತಡೆದಳು.

"ನಮ್ಮಪ್ಪನ ಮುಂದೆ ಕೂಡ ದನಿ ಉಳಿಸ್ಕೊಂಡ್ಯಲ್ಲ, ಯೆರ್ಕೊ. ಇನ್ನು ನನಗೆ ಏನು ಕೊಡ್ತೀಯ ನೀನು?"

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳನ್ನು ದಾಟಿ ಹೊರಗೆ ನಡೆದ. ಆಮೇಲೆ ಅವನು ಮಾಡಿದ ಒಂದು ಕರೆಯನ್ನೂ ಅವಳು ಎತ್ತಲಿಲ್ಲ. ಕೊನೆಗೆ ಅವನು ದೇಶವನ್ನೇ ಬಿಟ್ಟ.

ಅಭ್ಯಾಸ ಮುಗಿಸಿ ಹೊರಬಂದವಳನ್ನು ಮೆಟ್ಟಿಲ ಹತ್ತಿರ ಯಾರೋ ಕೂಗಿದರು. ಬಾರ್ಬ ಶಿಮೆ! ಅಪ್ಪನ ಜೊತೆ ಕ್ಲಾಪಾದಲ್ಲಿ ಹಾಡುತ್ತಿದ್ದ ಮುದುಕ; ಅವರ ಕಡೆ ಹಿರಿಯರನ್ನು ಬಾರ್ಬ ಎಂದೇ ಕರೆಯುತ್ತಾರೆ. ಯೆರ್ಕೊ ಹಾಡುತ್ತಾನೆಂಬ ಸುದ್ದಿ ಸಿಕ್ಕಿದ್ದೇ ದ್ವೀಪದಿಂದ ದೋಣಿ ಹತ್ತಿ ಬಂದಿದ್ದ. ಎದುರಿನ ಅಂಗಡಿಯಲ್ಲಿ ಕಾಫಿ ಕುಡಿಸಿ, ಮೊಣಕಾಲು ನೋವಿನಿಂದ ಹಿಡಿದು ಈ ಸಲದ ಆಲಿವ್ ಬೆಳೆಯವರೆಗೆ ಎಲ್ಲ ಹೇಳಿದ.

"ನಾಳೆ ನಮ್ಮ ಹುಡುಗ ಚೆನ್ನಾಗಿ ಹಾಡ್ತಾನೆ ಬಿಡು ಮಗಳೇ," ಎಂದು ನಕ್ಕ. "ನಿಮ್ಮಪ್ಪನ ಮಣ್ಣಿನ ದಿನ ಪಾಪ ಎಷ್ಟು ತಿಣುಕಾಡಿದ!"

"ತಿಣುಕಾಡಿದ್ನಾ?"

"ಮತ್ತೆ? ನಿಮ್ಮಪ್ಪನ ಜಾಗದಲ್ಲಿ ನಿಂತಿದ್ನಲ್ಲ. ಅಷ್ಟು ಕೆಳಗೆ ಹಾಡೋ ಗಂಟಲಾ ಅದು? ಬರೀ ಗಾಳಿ ಬರ್ತಿತ್ತು. ಬೇಡ ಕಣೋ, ನಿನ್ನ ದನಿಯಲ್ಲೇ ಹಾಡು ಅಂದ್ವಿ, ಕೇಳಲಿಲ್ಲ. ಆಸ್ಪತ್ರೆಯಲ್ಲಿ ಲೊವ್ರೆ ಇವನ ಕೈ ಹಿಡ್ಕೊಂಡು, ನನ್ನ ಜಾಗ ಖಾಲಿ ಬಿಡಬೇಡ ಅಂದಿದ್ನಂತೆ."

ವಿಂಕಾ ಬಟ್ಟಲನ್ನು ಕೆಳಗಿಟ್ಟಳು.

ನಿನಗೆ ಗೊತ್ತೇ ಇದೆ ಅಂದ್ಕೊಂಡಿದ್ವಲ್ಲ, ಎಂದು ಮುದುಕ ಗಾಬರಿಯಾದ.

ಅಪ್ಪನ ದನಿ ಇಲ್ಲದೆ ಆ ಹಾಡು ನೆಲಕಚ್ಚಬೇಕಿತ್ತು. ಕಚ್ಚಲಿಲ್ಲ. ಯಾಕೆ ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ದೇವರೇ, ಯಾರನ್ನು ಏನಂದುಬಿಟ್ಟೆ ನಾನು!

ಅವನು ಎಲ್ಲಿರುತ್ತಾನೆಂದು ಅವಳಿಗೆ ಗೊತ್ತಿತ್ತು. ಮೀನುಗಾರರ ದೋಣಿ ಕಟ್ಟಿಹಾಕುವ ಮಾತೆಯುಶ್ಕಾ ಬಂದರಿನ ಕಲ್ಲುಕಟ್ಟೆಯ ಮೇಲೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಅವಳು ಪಕ್ಕದಲ್ಲಿ ಹೋಗಿ ಕೂತಳು.

"ಬಾರ್ಬ ಶಿಮೆ ಹೇಳಿದ, ಅಪ್ಪನ ಜಾಗದಲ್ಲಿ ನಿಂತಿದ್ದು ನೀನು ಅಂತ... ಒಂದು ಮಾತು ಹೇಳಬಹುದಿತ್ತಲ್ಲ, ಯೆರ್ಕೊ."

"ಹೇಳಿದ್ರೆ ನಂಬ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ. ಆ ದಿನ ನಂಬ್ತಿರಲಿಲ್ಲ."

ಅವನು ತಲೆಯಾಡಿಸಿದ. ಬೈದಿದ್ದಕ್ಕೆ ತನಗೆ ಅಷ್ಟು ನೋವಾಗಲಿಲ್ಲ ಎಂದ. ಎಲ್ಲರಿಗಿಂತ ತನ್ನ ದನಿ ಬಲ್ಲವಳಿಗೇ ಅದು ಗುರುತು ಸಿಗಲಿಲ್ಲವಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ ಎಂದ.

ವಿಂಕಾ ಈಗ ಅಳು ಮುಚ್ಚಿಡಲಿಲ್ಲ.

"ನಾನು ಏನೂ ಕೇಳೋಕೆ ಬಂದಿಲ್ಲ. ಸೆಪ್ಟೆಂಬರ್ ವಿಷಯ ಗೊತ್ತು ನನಗೆ. ಆದ್ರೂ ಹೇಳ್ತೀನಿ. ನಿನ್ನನ್ನ ಪ್ರೀತಿಸೋದನ್ನ ನಾನು ಒಂದು ದಿನವೂ ನಿಲ್ಲಿಸಿಲ್ಲ."

ಅವನು ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಇಲ್ಲಿಂದ ಕರೆ ಬಂದಾಗ ಒಲ್ಲೆ ಅನ್ನಬಹುದಿತ್ತು ನಾನು," ಎಂದ. "ಪಿಯಾನೊಗೆ ನೀನಿರ್ತೀಯ ಅಂದ್ರು. ಅದಕ್ಕೇ ಒಪ್ಕೊಂಡೆ."

ಮೂರು ವರ್ಷ ಅವಳು ಕಾದಿದ್ದ ಮಾತು ಅದು. ಬಂದಿತು, ಆದರೆ ಇಟ್ಟುಕೊಳ್ಳಲು ಈಗ ಜಾಗವಿರಲಿಲ್ಲ.

"ಅವಳು ಒಳ್ಳೆಯವಳಾ?"

"ತುಂಬಾ ಒಳ್ಳೆಯವಳು, ವಿಂಕಾ."

"ನಿನ್ನ ದನಿ ಗುರುತು ಹಿಡೀತಾಳಾ?"

"ಕಲೀತಿದ್ದಾಳೆ."

ವಿಂಕಾ ಕಣ್ಣೊರೆಸಿಕೊಂಡಳು. "ಹಾಗಿದ್ರೆ ಹೋಗು. ಅವಳಿಗೆ ಮೋಸ ಮಾಡಬೇಡ."

"ಹೋಗ್ತೀನಿ," ಎಂದ ಅವನು. ಆದರೆ ಏಳಲಿಲ್ಲ. "ಸ್ವಲ್ಪ ಹೊತ್ತು ಹೀಗೇ ಕೂತಿರಲಾ?"

"ಕೂತಿರು."