ದವಾಖಾನೆಗೆ ಬಾರದವರು

"ನಾರುಹುಣ್ಣನ್ನ ಯಾಕ್ರೀ ಕೊನೆಗೆ ಹಾಕಿದ್ರಿ?"

ಜಗಳೂರು ದವಾಖಾನೆಯ ನರ್ಸು ಶಂಕರಮ್ಮ ಹೀಗೆ ಕೇಳಿದಾಗ ಮಲ್ಲೇಶಪ್ಪನ ಲೇಖನಿ ಮಸಿಕುಡಿಕೆಯ ಬಾಯಲ್ಲೇ ನಿಂತಿತು. ಈ ತಾಲ್ಲೂಕಿನಲ್ಲಿ ಯಾವ ರೋಗದ ಮೇಲೆ ಮೊದಲು ಸಂಶೋಧನೆ ನಡೆಯಬೇಕೆಂದು ಪಟ್ಟಿ ಮಾಡಲು ಬೆಂಗಳೂರಿನ ಕಚೇರಿ ಅವನನ್ನು ಕಳಿಸಿತ್ತು. ಅದು ೧೯೩೯ರ ಬೇಸಿಗೆ.

"ನಿಮ್ಮ ರಿಜಿಸ್ಟರಿನಾಗೇ ಐತಲ್ರೀ. ವರ್ಷಕ್ಕೆ ಚಳಿಜ್ವರ ನಾನೂರು, ನಾರುಹುಣ್ಣು ಒಂಬತ್ತು."

"ಕಾಲಾಗೆ ಹುಳ ಇಳಿಬಿದ್ದೋರು ಎಂಟು ಮೈಲಿ ನಡೆದು ಬರಾಕೆ ಆಗ್ತೈತಾ? ಆ ಒಂಬತ್ತು ಜನಾನೂ ಮನ್ಯಾಗೆ ಗಾಡಿ ಇದ್ದೋರು."

ಅವನ ಮುಖ ಕಳೆಗುಂದಿತು. ಹದಿನೈದು ದಿನದಿಂದ ಅವಳು ನೋಡುತ್ತಿದ್ದಳು: ಪ್ರತಿ ಸಂಖ್ಯೆಯನ್ನೂ ಎರಡು ಸಲ ಎಣಿಸಿ, ಆಮೇಲೂ ನಂಬಿಕೆಯಿಲ್ಲದೆ ಕಿವಿ ತಿಕ್ಕಿಕೊಳ್ಳುವ ಮನುಷ್ಯ. ಮೊದಮೊದಲು ನಗು ಬರುತ್ತಿತ್ತು. ಈಗೀಗ ಆ ಕಿವಿಯನ್ನು ನೋಡದೆ ದಿನ ಪೂರ್ತಿಯಾಗುತ್ತಿರಲಿಲ್ಲ.

"ಶುಕ್ರವಾರದ ಟಪಾಲಿಗೆ ಪಟ್ಟಿ ಹೋಗ್ಬೇಕು. ಅದರ ಹಿಂದೇನೇ ನಾನೂ ಹೊರಡ್ಬೇಕು," ಎಂದ. ಆಮೇಲೆ ಹಾಳೆಯನ್ನು ಮಡಿಚಿಟ್ಟ. "ತಪ್ಪು ಪಟ್ಟಿ ಕಳ್ಸಾಕೆ ಮನಸ್ಸು ಒಪ್ಪಲ್ಲ. ಇನ್ನೊಂದು ವಾರ ಬೇಕಂತ ಕಚೇರಿಗೆ ಬರೀತೀನಿ. ಬೈದ್ರೆ ಬೈಲಿ. ಹಳ್ಳಿ ತೋರಿಸ್ತೀರಾ?"

ಒಂದು ವಾರ. ಶಂಕರಮ್ಮನಿಗೆ ಹಿತವಾಯಿತು. ಹಿತವಾಯಿತೆಂದೇ ಭಯವೂ ಆಯಿತು. ಪಟ್ಟಿ ತಪ್ಪೆಂದು ತಾನು ಹೇಳಿದ್ದು ಕುಂಟುವ ಜನಕ್ಕಾಗಿಯೋ, ಇವನನ್ನು ನಿಲ್ಲಿಸಿಕೊಳ್ಳುವುದಕ್ಕೋ? ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು, ಅಣ್ಣನ ಆಸರೆಯಲ್ಲಿ ನರ್ಸು ಕೆಲಸ ಕಲಿತವಳು ಅವಳು. ಮನಸ್ಸಿನ ಮಾತನ್ನು ಅಷ್ಟು ಸುಲಭಕ್ಕೆ ನಂಬುವವಳಲ್ಲ.

ಮೊದಲ ಹಳ್ಳಿಯ ಮೆಟ್ಟಿಲು ಬಾವಿಯ ಬಳಿ ಹೆಂಗಸರು ಅವನೆದುರು ಬಾಯಿ ಬಿಡಲಿಲ್ಲ. ಶಂಕರಮ್ಮ ಮೂರು ಮಡಕೆ ತರಿಸಿದಳು. ಚಳಿಜ್ವರದ್ದಕ್ಕೆ ಕಂಬಳಿ ಚೂರು ಕಟ್ಟಿದಳು, ಬಾಣಂತಿ ನಂಜಿನದ್ದಕ್ಕೆ ಬೇವಿನ ಸೊಪ್ಪು, ನಾರುಹುಣ್ಣಿನದ್ದಕ್ಕೆ ನೂಲಿನ ಎಳೆ. "ನಿಮ್ಮನ್ನ ಹೆಚ್ಚು ಕಾಡಿದ್ದು ಯಾವುದೋ ಅದ್ರಾಗೆ ಹುಣಸೆಬೀಜ ಹಾಕ್ರಿ. ಮನ್ಯಾಗೆ ಮಲಗಿದೋರ ಬೀಜಾನೂ ನೀವೇ ಹಾಕ್ರಿ."

ನೂಲಿನ ಮಡಕೆ ತುಂಬಿ ಬೀಜ ನೆಲಕ್ಕೆ ಉರುಳಿದವು.

ಮುದುಕಿ ಗಾದ್ರಮ್ಮ ಕೋಲೂರಿಕೊಂಡು ಮಲ್ಲೇಶಪ್ಪನನ್ನು ದಿಟ್ಟಿಸಿದಳು. "ಸಾಹೇಬ್ರೇ, ನಮ್ಮ ನರ್ಸಮ್ಮ ಮಾತಾಡಿದಾಗೆಲ್ಲ ನಿಮ್ಮ ಕಿವಿ ಕೆಂಪಗಾಗ್ತಾವಲ್ಲ, ಆ ರೋಗಕ್ಕೂ ಒಂದು ಮಡಕೆ ಇಡ್ರಿ."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಶಂಕರಮ್ಮ ಬಾವಿಯ ನೀರು ನೋಡುತ್ತ ನಿಂತಳು.

ಏಳು ಹಳ್ಳಿ ಮುಗಿದವು. ಹೊಸ ಪಟ್ಟಿಯಲ್ಲಿ ನಾರುಹುಣ್ಣು ಮೊದಲಿತ್ತು. ಕೆಳಗೆ ಅವನು ತನ್ನ ರುಜು ಹಾಕಿ ಹಾಳೆಯನ್ನು ಅವಳತ್ತ ತಿರುಗಿಸಿದ.

"ನಂದ್ಯಾಕ್ರೀ?"

"ನೀವಿಲ್ದಿದ್ರೆ ನಾನು ಬರೇ ರಿಜಿಸ್ಟರು ಓದಿ ಹೋಗ್ತಿದ್ದೆ. ಇದು ಇಬ್ರ ಪಟ್ಟಿ."

ಅವಳು ರುಜು ಹಾಕಿ ತಲೆಯೆತ್ತಿದಾಗ ಮೇಜಿನ ಮೇಲೆ ಪುಟ್ಟ ಮಡಕೆಯೊಂದಿತ್ತು. ಅದಕ್ಕೆ ಏನೂ ಕಟ್ಟಿರಲಿಲ್ಲ. ಒಳಗೆ ಒಂದೇ ಹುಣಸೆಬೀಜ.

"ಗಾದ್ರಮ್ಮ ಹೇಳಿದ ಮಡಕೆ," ಎಂದ, ಕಿವಿ ತಿಕ್ಕುತ್ತ. "ನಮ್ಮ ಚನ್ನಗಿರಿ ಕಡೆ ಗಂಡ ತೀರಿದೋರಿಗೆ ಹೊಸ ಸೀರೆ ಉಡಿಸಿ ಉಡಿಕೆ ಮದುವೆ ಮಾಡ್ಕೊಳ್ತಾರೆ. ನಿಮ್ಮಣ್ಣನ್ನ ಕೇಳಾಕೆ ಬರ್ಲಾ?"

ಶಂಕರಮ್ಮ ಮಡಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಳಗೆ ನೋಡಿದಳು.

"ಎರಡು ಸಲ ಎಣಿಸಿದ್ರಾ?"

"ಎಣಿಸ್ದೆ. ಒಂದೇ ಐತೆ."

ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಬಾವಿಯ ಬಳಿ ನೆಲಕ್ಕುರುಳಿದ ಬೀಜಗಳಲ್ಲೊಂದನ್ನು ಯಾರಿಗೂ ಕಾಣದಂತೆ ಕಟ್ಟಿಟ್ಟುಕೊಂಡಿದ್ದಳು. ಅದನ್ನು ಮಡಕೆಗೆ ಹಾಕಿದಳು.

"ಇನ್ನೊಂದು ಸಲ ಎಣಿಸ್ರಿ."